ಐದನೆಯ ನಿಂಬೆಹಣ್ಣು

ಈ ಸಲ ಆಯುಧಪೂಜೆಯ ಸಂಜೆ ನಮ್ಮ ಕಾರು ಹಿಮ್ಮುಖವಾಗಿ ಹೋಗಿ ಎದುರುಮನೆಯ ಮುಂದಿನ ಲೈಟುಕಂಬಕ್ಕೆ ಗುದ್ದಿತು. ಗುದ್ದಿತು ಎಂದು ಎಲ್ಲವನ್ನೂ ಕಾರಿನ ತಲೆಗೆ ಕಟ್ಟುವುದು ಧರ್ಮವಲ್ಲ, ಸ್ಟಿಯರಿಂಗ್ ಹಿಡಿದು ಕೂತಿದ್ದವನು ನಾನೇ. ಆದರೆ ಕೈಜಾರಿ ಬಿದ್ದ ಲೋಟವನ್ನು ‘ಒಡೆದುಹೋಯ್ತು’ ಅನ್ನುತ್ತೇವೆಯೇ ಹೊರತು ‘ಒಡೆದುಹಾಕಿದೆ’ ಅಂತ ಯಾರಾದರೂ ಒಪ್ಪಿಕೊಂಡದ್ದುಂಟೇ?

ನಡೆದದ್ದು ಇಷ್ಟು. ಬೆಳಿಗ್ಗೆ ಕಾರು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಮದುವೆಗಂಡಿನ ಹಾಗೆ ನಿಲ್ಲಿಸಿದ್ದೆವು. ನನ್ನ ಹೆಂಡತಿ ವಿಭೂತಿ, ಕುಂಕುಮದ ಬಟ್ಟಲು ಹಿಡಿದು ಪ್ರದಕ್ಷಿಣೆ ಬಂದಳು. ಕಾರಿನ ಹಿಂಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡದೊಂದು ಕ್ಯಾಮೆರಾ ಇದೆ. ರಿವರ್ಸ್ ಗೇರ್ ಹಾಕಿದರೆ ಹಿಂದೆ ಏನಿದೆ ಅಂತ ಮುಂದಿನ ಪರದೆಯಲ್ಲಿ ತೋರಿಸುತ್ತದೆ. ಹಣೆಯ ನಡುವೆ ಕಂಡ ಗುಂಡಗಿನ ಜಾಗ ಕುಂಕುಮ ಇಡುವುದಕ್ಕೇ ಇರುವುದೆಂದು ಅವಳು ತಿಳಿದಳು. ನೀರು ಬೆರೆಸಿ ಕಲಸಿದ ಕುಂಕುಮ, ಬೇಗ ಉದುರುವುದಲ್ಲ. ಸಂಜೆ ಅವಳ ತವರಿಗೆ ಹೋಗಿ ವಾಪಸು ಬಂದು ಮನೆ ಮುಂದೆ ಗಾಡಿ ನಿಲ್ಲಿಸಲು ರಿವರ್ಸ್ ಹಾಕಿದೆ. ಪರದೆ ತುಂಬ ಸೂರ್ಯೋದಯ. ಪಕ್ಕದ ಸೆನ್ಸಾರು ಕೀಂಕ್ ಕೀಂಕ್ ಅನ್ನುತ್ತಿತ್ತು, ನಿಜ. ಆದರೆ ಬಾಳೆಯೆಲೆ ಅಡ್ಡ ಬಂದದ್ದರಿಂದ ಅದು ಬೆಳಗಿನಿಂದ ಹಾಗೇ ಕೂಗುತ್ತಿತ್ತು. ರಚ್ಚೆ ಹಿಡಿದ ಮೊಮ್ಮಗುವಿಗೆ ಒಗ್ಗಿಹೋದ ಅಜ್ಜಿಯ ಹಾಗೆ ನಾನೂ ಕಿವಿ ಕೊಡಲಿಲ್ಲ. ಢಬ್!

ಇಳಿದು ನೋಡಿದರೆ ಡಿಕ್ಕಿ ಒಳಕ್ಕೆ ಹೋಗಿ ಕಚ್ಚಿಕೊಂಡಿತ್ತು. ಎಳೆದರೂ ಬರದು, ತಳ್ಳಿದರೂ ಬರದು. ಒಳಗೆ ತವರಿನವರು ಕೊಟ್ಟ ಒಬ್ಬಟ್ಟಿನ ಡಬ್ಬಿ.

ಕನ್ನಡದ ಜಾಣತನ ನೋಡಿ. ಗುದ್ದುವುದೂ ಡಿಕ್ಕಿ, ಗುದ್ದಿಸಿಕೊಳ್ಳುವುದೂ ಡಿಕ್ಕಿ. ಹಳೆಯ ಕಾರುಗಳ ಬೆನ್ನಿನಲ್ಲಿ ಮಡಚಿಡುವ ಸೀಟೊಂದು ಇರುತ್ತಿತ್ತು, ಇಂಗ್ಲಿಷರು ಅದನ್ನು ಡಿಕ್ಕಿ ಸೀಟು ಅನ್ನುತ್ತಿದ್ದರು. ಸೀಟು ಹೋಗಿ ಸಾಮಾನು ಬಂತು, ಹೆಸರು ಮಾತ್ರ ನಮ್ಮಲ್ಲಿ ಉಳಿದುಕೊಂಡಿತು. ಡಿಕ್ಕಿಯೊಳಗೆ ಮಲಗಿರುವ ಸ್ಟೆಪ್ನಿಯದೂ ಇಂಥದೇ ಕಥೆ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರ ಅಂತ ಒಂದು ಇರುತ್ತಿರಲಿಲ್ಲ. ಪಂಕ್ಚರ್ ಆಯಿತೋ, ಕೋಟು ಬಿಚ್ಚಿ ರಸ್ತೆ ಬದಿಯಲ್ಲಿ ಕೂತು ಪ್ಯಾಚು ಹಾಕಬೇಕು. 1904ರ ಸುಮಾರಿಗೆ ವೇಲ್ಸ್ ದೇಶದ ಲಾನೆಲಿ ಊರಿನ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರಿರುವ, ಅರೆಕಾಲುಗಳೇ ಇಲ್ಲದ ಬರೀ ಬಳೆಯೊಂದನ್ನು ಮಾಡಿದರು. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಮನೆ ಸೇರಬಹುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಲಾನೆಲಿಯ ಆ ಬೀದಿಯ ಹೆಸರನ್ನು ಇವತ್ತು ಅರಸೀಕೆರೆಯ ಪಂಕ್ಚರ್ ಅಂಗಡಿಯ ಹುಡುಗ ದಿನಕ್ಕೆ ಹತ್ತು ಸಲ ಜಪಿಸುತ್ತಾನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುವ ಉಪಾಯವನ್ನು ನನಗಿಂತ ಮೊದಲು ಕಂಬಕ್ಕೆ ಗುದ್ದಿದವರು ಯಾರೂ ಹುಡುಕಲೇ ಇಲ್ಲವೇ ಎಂದು ಫೋನು ಹಿಡಿದು ಕೂತೆ. ಹುಡುಕಿದ್ದಾರೆ. ಎಂತೆಂಥ ಪುಣ್ಯಾತ್ಮರು ಅಂತೀರಿ!

ಅವರಲ್ಲಿ ನನಗೆ ಬಹಳ ಹಿಡಿಸಿದವರು ಕ್ಯಾಲಿಫೋರ್ನಿಯಾದ ಬ್ರೂಕ್ಸ್ ವಾಕರ್. ಎರಡು ಕಾರುಗಳ ನಡುವಿನ ಸಂದಿಗೆ ಮೂರನೆಯದನ್ನು ತುರುಕುವ ಕಷ್ಟ ಅವರಿಗೆ 1930ರ ದಶಕದಲ್ಲೇ ತಲೆ ತಿಂದಿತ್ತು. ಡಿಕ್ಕಿಯಲ್ಲಿ ಕೆಲಸವಿಲ್ಲದೆ ಬಿದ್ದಿರುವ ಸ್ಟೆಪ್ನಿಯನ್ನು ದುಡಿಮೆಗೆ ಹಚ್ಚಿದರೆ ಹೇಗೆ ಎಂದು ಯೋಚಿಸಿದರು. ಆ ಏರ್ಪಾಡನ್ನು ತಿದ್ದಿ ತೀಡಿ 1950ರ ದಶಕದಲ್ಲಿ ಪ್ಯಾಕರ್ಡ್ ಕಾರೊಂದಕ್ಕೆ ಕೂರಿಸಿ ತೋರಿಸಿದರು. ಐದು ಮೀಟರಿಗೂ ಉದ್ದದ ಕಾರು ಅದು, ನಮ್ಮ ಬೀದಿಗೆ ಬಂದರೆ ಮೂರು ಮನೆಯ ರಂಗೋಲಿ ಅಳಿಸುತ್ತದೆ. ಅದರ ಹಳೆಯ ಚಲನಚಿತ್ರವನ್ನು ನಾನು ಆ ರಾತ್ರಿ ಹನ್ನೊಂದು ಸಲ ನೋಡಿದೆ. ಚಾಲಕ ಕಾರಿನ ಮೂತಿಯನ್ನು ಸಂದಿಗೆ ತೂರಿಸಿ ನಿಲ್ಲಿಸುತ್ತಾನೆ. ಬಾಲ ರಸ್ತೆಗೆ ಅಡ್ಡ ಚಾಚಿಕೊಂಡಿದೆ. ಆಗ ಹಿಂಬದಿಯಿಂದ ಸ್ಟೆಪ್ನಿ ನಿಧಾನವಾಗಿ ಕೆಳಗಿಳಿಯುತ್ತದೆ. ಉಳಿದ ನಾಲ್ಕು ಚಕ್ರ ಮುಂದಕ್ಕೆ ಮುಖ ಮಾಡಿದ್ದರೆ ಇದು ಮಾತ್ರ ಅಡ್ಡಕ್ಕೆ ನಿಂತಿದೆ, ಮುನಿಸಿಕೊಂಡ ಕಿರಿಸೊಸೆಯ ಹಾಗೆ. ನೆಲ ಮುಟ್ಟಿ ಒತ್ತಿತೋ, ಹಿಂದಿನ ಎರಡು ಚಕ್ರ ನೆಲ ಬಿಟ್ಟು ಮೇಲೇಳುತ್ತವೆ. ಎಂಜಿನಿನ ಬಲ ಈ ಐದನೆಯ ಚಕ್ರಕ್ಕೆ ಹರಿಯುತ್ತದೆ. ಇಡೀ ಕಾರಿನ ಹಿಂಭಾಗ ಬಾಗಿಲು ಮುಚ್ಚಿದ ಹಾಗೆ ಅಡ್ಡಡ್ಡ ಉರುಳಿ ಬಂದು ಫುಟ್‌ಪಾತಿಗೆ ಅಂಟಿ ನಿಲ್ಲುತ್ತದೆ. ಬೇಕೆಂದರೆ ಮುಂದಿನ ಚಕ್ರಗಳನ್ನು ಕೇಂದ್ರ ಮಾಡಿಕೊಂಡು ಕಾರು ತನ್ನ ಸುತ್ತ ತಾನೇ ತಿರುಗಬಲ್ಲದು, ಒರಳಿನಲ್ಲಿ ಗುಂಡು ತಿರುಗಿದ ಹಾಗೆ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೆಂಡತಿಗೆ ತೋರಿಸಿದೆ. ಅವಳು ಒಂದೇ ಸಲ ನೋಡಿ ಕೇಳಿದಳು:

“ಅಲ್ಲಾ ರೀ, ಆ ಯಂತ್ರಾನೇ ಡಿಕ್ಕಿ ತುಂಬ ಕೂತ್ಕೊಂಡ್ರೆ ಸಾಮಾನು ಎಲ್ಲಿಡೋದು?”

ಅಮೆರಿಕದ ಕಾರು ಕಂಪನಿಗಳೂ ಹೆಚ್ಚುಕಡಿಮೆ ಇದನ್ನೇ ಕೇಳಿಕೊಂಡಿರಬೇಕು. ವಾಕರ್ ವರ್ಷಗಟ್ಟಲೆ ಬೆನ್ನು ಬಿಡದೆ ಓಡಾಡಿದರೂ ಯಾವ ಕಂಪನಿಯೂ ಅದನ್ನು ತನ್ನ ಕಾರುಗಳಿಗೆ ಹಾಕಿ ಮಾರಲಿಲ್ಲ. ಬೆಲೆ, ಭಾರ, ಡಿಕ್ಕಿಯ ಜಾಗ, ಎಲ್ಲ ಲೆಕ್ಕ ಹಾಕಿದರೆ ಎರಡು ಸಲ ಹಿಂದೆಮುಂದೆ ಮಾಡಿ ನಿಲ್ಲಿಸುವುದೇ ಸಸ್ತಾ. ನನಗೆ ಮಾತ್ರ ಈಗಲೂ ವಾಕರರ ಪಕ್ಷವೇ ಸರಿ ಅನ್ನಿಸುತ್ತದೆ, ಏಕೆಂದರೆ ನನಗೆ ಎರಡು ಸಲ ಸಾಲದು.

ಇಷ್ಟು ದೊಡ್ಡ ಸಾಹಸ ಬೇಡವಾದವರಿಗೆ ಅದೇ ಕಾಲದ ಅಮೆರಿಕದಲ್ಲಿ ಇನ್ನೊಂದು ಉಪಾಯವಿತ್ತು. ಚಕ್ರದ ಪಕ್ಕ, ಬಾಡಿಯ ಅಂಚಿಗೆ, ಸ್ಪ್ರಿಂಗಿನ ಕಡ್ಡಿ ಸಿಕ್ಕಿಸಿಬಿಡುವುದು. ಬೆಕ್ಕಿನ ಮೀಸೆ ಅಂದುಕೊಳ್ಳಿ. ಫುಟ್‌ಪಾತಿನ ಕಲ್ಲು ಹತ್ತಿರ ಬಂದರೆ ಕಡ್ಡಿ ತಾಕಿ ಕರಕರ ಅನ್ನುತ್ತದೆ. ಆಗಿನ ಶೋಕಿಯ ಬಿಳಿಪಟ್ಟಿ ಟೈರುಗಳು ಕಲ್ಲಿಗೆ ಉಜ್ಜಿ ಮಾಸದಿರಲಿ ಎನ್ನುವುದು ಅದರ ಮುಖ್ಯ ಕಾಳಜಿ. ಬ್ಯಾಟರಿ ಬೇಡ, ಪರದೆ ಬೇಡ, ಕುಂಕುಮ ಇಟ್ಟರೂ ಕೆಲಸ ನಿಲ್ಲಿಸುವುದಿಲ್ಲ. ಎಂಥ ಸಾತ್ವಿಕ ಯಂತ್ರ!

ಕಂಬಕ್ಕೆ ಗುದ್ದಿದ ಶಬ್ದಕ್ಕೆ ಮೊದಲು ಹೊರಗೆ ಬಂದವರು ಎದುರುಮನೆಯ ಕಂಡಕ್ಟ್ರಣ್ಣ ಎಂದು ಹೇಳಲು ಮರೆತೆ. ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಅವರ ನಿಜವಾದ ಹೆಸರು ಬೀದಿಯಲ್ಲಿ ಪೋಸ್ಟ್‌ಮನ್ ಒಬ್ಬನಿಗೇ ಗೊತ್ತು. ಪಂಚೆ ಮೇಲೆ ಕಟ್ಟಿಕೊಂಡು ಬಂದು, ಕಂಬ ನೋಡಿ, ಕಾರು ನೋಡಿ, ಕೊನೆಗೆ ನನ್ನನ್ನು ನೋಡಿದರು.

“ಒಂದ್ ಮಾತು ಕೂಗ್‌ಬಾರ್ದಾ ಸಾರ್? ನಾನೇನ್ ಸತ್‌ಹೋಗಿದ್ನಾ?”

“ಕ್ಯಾಮೆರಾ ಇದೆಯಲ್ಲಾ ಅಂದ್ಕೊಂಡೆ ಅಣ್ಣ.”

“ಕ್ಯಾಮೆರಾ ‘ಸಾಕು’ ಅನ್ನತ್ತಾ?”

ಉತ್ತರ ಇರಲಿಲ್ಲ. ಅವರು ಕಾರಿನ ಹಿಂದೆ ನಿಂತು ಕೈ ಬೀಸುತ್ತ “ಬರ್ಲಿ, ಬರ್ಲಿ, ಬರ್ಲಿ, ಲೆಫ್ಟ್ ಒಡೀರಿ, ಬರ್ಲಿ… ಸಾಕ್!” ಎಂದು ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದರು. ಕಾರು ಗೆರೆ ಎಳೆದ ಹಾಗೆ ನಿಂತಿತು.

ಈ ‘ಬರ್ಲಿ’ ಹೇಳುವ ಮನುಷ್ಯನ ವಂಶ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ 1865ರಲ್ಲಿ ಒಂದು ಕಾಯಿದೆ ಬಂತು. ತಾನೇ ಚಲಿಸುವ ಯಾವುದೇ ಗಾಡಿ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಪೇಟೆಯಲ್ಲಿ 2 ಮೈಲಿ ಮೀರಕೂಡದು. ಸಾಲದ್ದಕ್ಕೆ 60 ಗಜ ಮುಂದೆ ಒಬ್ಬ ಆಳು ಕೆಂಪು ಬಾವುಟ ಹಿಡಿದು ನಡೆಯಬೇಕು. ಪೇಟೆಯಲ್ಲಿ ಎರಡು ಮೈಲಿ ಅಂದರೆ ನಮ್ಮ ದಸರಾ ಮೆರವಣಿಗೆಯ ಆನೆಗೂ ಬೇಸರ ಬರುವ ವೇಗ. ಬಾವುಟದ ಕಟ್ಟಳೆ ಆಮೇಲೆ ಸಡಿಲವಾಯಿತು, ಮುಂದೆ ನಡೆಯುವ ಆಳು ಮಾತ್ರ 1896ರವರೆಗೂ ನಡೆದ. ಆ ವರ್ಷ ನವೆಂಬರ್ 14ಕ್ಕೆ ಹೊಸ ಕಾಯಿದೆ ಜಾರಿಯಾಗಿ ವೇಗದ ಮಿತಿ 14 ಮೈಲಿಗೆ ಏರಿದಾಗ ಮೋಟಾರುಪ್ರಿಯರು ಒಟ್ಟಿಗೆ ತಿಂಡಿ ತಿಂದು, ಒಂದು ಕೆಂಪು ಬಾವುಟವನ್ನು ಹರಿದು ಹಾಕಿ, ಲಂಡನ್ನಿನಿಂದ ಬ್ರೈಟನ್ನಿಗೆ ಕಾರು ಓಡಿಸಿದರು.

ಅದಕ್ಕೆ ಮೂರು ತಿಂಗಳು ಮುಂಚೆ, ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ತಾಯಿ, ಜೊತೆಗೆ ಮಗಳಿದ್ದಾಗಲೇ, ಕಾರಿಗೆ ಸಿಕ್ಕು ತೀರಿಕೊಂಡಿದ್ದಳು. ಗಂಟೆಗೆ 4 ಮೈಲಿಯಲ್ಲಿ ಹೋಗುತ್ತಿದ್ದೆ ಅಂದ ಚಾಲಕ. ಬ್ರಿಟನ್ನಿನಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಇಂಥದ್ದು ಇನ್ನೊಮ್ಮೆ ನಡೆಯದಿರಲಿ ಎಂದು ವಿಚಾರಣೆ ನಡೆಸಿದ ಅಧಿಕಾರಿ ಹಾರೈಸಿದನಂತೆ. ಅದನ್ನು ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಫೋನು ಬದಿಗಿಟ್ಟೆ.

ಬಾವುಟದವನನ್ನು ಮನೆಗೆ ಕಳಿಸಿದ ಮೇಲೆ ಅವನ ಕೆಲಸವನ್ನೆಲ್ಲ ತಗಡಿಗೂ ತಂತಿಗೂ ಕಲಿಸಬೇಕಾಯಿತು. ಅವನು ಮಾಡುತ್ತಿದ್ದುದರಲ್ಲಿ ಮುಖ್ಯವಾದದ್ದು ಕುದುರೆಗಳು ಬೆದರದಂತೆ ನೋಡಿಕೊಳ್ಳುವುದು. ಅಮೆರಿಕದ ಮಿಷಿಗನ್ನಿನ ಬ್ಯಾಟಲ್ ಕ್ರೀಕ್ ಊರಿನ ಯುರಾಯಾ ಸ್ಮಿತ್ ಎಂಬ ಧರ್ಮಬೋಧಕ 1899ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದ. ಕಾರಿನ ಮೂತಿಗೆ ಮರದ ಕುದುರೆಯ ತಲೆ, ಕತ್ತಿನ ಸಮೇತ, ಅಂಟಿಸಿಬಿಡಿ! ಎದುರಿಗೆ ಬರುವ ನಿಜವಾದ ಕುದುರೆ ‘ಓ, ನಮ್ಮವನೇ’ ಅಂದುಕೊಂಡು ಪಕ್ಕದಲ್ಲಿ ಹಾದುಹೋಗುತ್ತದೆ. ಮೋಸ ಗೊತ್ತಾಗುವ ಹೊತ್ತಿಗೆ ಕಾರು ದಾಟಿರುತ್ತದೆ. ಟೊಳ್ಳು ತಲೆಯೊಳಗೆ ಇಂಧನವನ್ನೂ ತುಂಬಿಡಬಹುದು. ನಮ್ಮೂರ ಕಡೆ ಮರದ ಗೊಂಬೆಕುದುರೆ ಕುಣಿಸುವವರನ್ನು ನೋಡಿದವರಿಗೆ ಈ ಕಲ್ಪನೆಯಲ್ಲಿ ವಿಚಿತ್ರವೇನೂ ಕಾಣದು. ಕುದುರೆಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಕುದುರೆಯಾದ ಮೇಲೆ ಹಸು. ರೈಲು ಎಂಜಿನಿನ ಮೂತಿಗೆ ನೇಗಿಲಿನ ಆಕಾರದ ತಡೆ ಕಟ್ಟಿದರೆ ಹಳಿಗೆ ಅಡ್ಡ ನಿಂತ ಹಸುವನ್ನೋ ಬಿದ್ದ ಇನ್ನೇನನ್ನೋ ಪಕ್ಕಕ್ಕೆ ಸರಿಸಬಹುದೆಂದು 1830ರ ದಶಕದಲ್ಲೇ ಸೂಚಿಸಿದವರು ಚಾರ್ಲ್ಸ್ ಬ್ಯಾಬೇಜ್. ಹೌದು, ಕಂಪ್ಯೂಟರಿನ ಪಿತಾಮಹ ಎಂದು ಮಕ್ಕಳ ಪಠ್ಯದಲ್ಲಿ ಬರುವವರೇ. ಟ್ರಾಮುಗಳು ಬಂದಾಗ ಈ ತಡೆ ಬುಟ್ಟಿಯಾಯಿತು, ಕಾರು ಬಂದಾಗ ಬಲೆಯಾಯಿತು. 1920, 30ರ ದಶಕದ ಯುರೋಪಿನ ಫೋಟೋಗಳಲ್ಲಿ ಕಾರಿನ ಮುಂದೆ ಮೊರ ಕಟ್ಟಿದ ಹಾಗೆ ಒಂದು ಸಲಕರಣೆ ಚಾಚಿಕೊಂಡಿರುತ್ತದೆ. ಪಾದಚಾರಿ ಅಡ್ಡ ಬಂದರೆ ಗುದ್ದುವ ಬದಲು ಅಕ್ಕಿ ಕೇರುವವರ ಹಾಗೆ ಮೇಲೆತ್ತಿಕೊಳ್ಳುವ ಏರ್ಪಾಡು. ಪ್ರಯೋಗಕ್ಕೆ ಅಡ್ಡ ನಿಂತವನ ಮುಖ ನೋಡಬೇಕು, ಟೋಪಿ ಹಿಡಿದುಕೊಂಡು ನಗುತ್ತಿರುತ್ತಾನೆ. ಅಂಥ ಧೈರ್ಯಕ್ಕೆ ಸಂಬಳ ಎಷ್ಟು ಕೊಡುತ್ತಿದ್ದರೋ!

ತಿರುಗುವ ಮುಂಚೆ ಕೈ ತೋರಿಸುವುದನ್ನು ಕಾರಿಗೆ ಕಲಿಸಲು ಹೊರಟವಳು ಒಬ್ಬ ನಟಿ. ಮೂಕಿಚಿತ್ರಗಳ ತಾರೆ ಫ್ಲಾರೆನ್ಸ್ ಲಾರೆನ್ಸ್. 1914ರ ಹೊತ್ತಿಗೆ ಆಕೆ ತನ್ನ ಕಾರಿನ ಹಿಂಬದಿಗೆ ಗುಂಡಿ ಒತ್ತಿದರೆ ಏಳುವ ಫಲಕವೊಂದನ್ನು ಹೊಂದಿಸಿದ್ದಳು. ಬ್ರೇಕು ತುಳಿದರೆ ‘ನಿಲ್ಲಿ’ ಎಂಬ ಇನ್ನೊಂದು ಫಲಕ ಮೇಲೇಳುತ್ತಿತ್ತು. ಮಾತಿಲ್ಲದ ಸಿನಿಮಾದಲ್ಲಿ ದುಡಿದವಳಿಗೆ ಸನ್ನೆಯ ಬೆಲೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ? ಆದರೆ ಪೇಟೆಂಟ್ ಮಾಡಿಸಲಿಲ್ಲ, ಕಾಸೂ ಹುಟ್ಟಲಿಲ್ಲ.

ಆ ಫಲಕದ ಸೋದರಸಂಬಂಧಿಯನ್ನು ನಾನು ಕೈಯಾರೆ ಮುಟ್ಟಿದ್ದೇನೆ. ನಮ್ಮ ಸೋದರಮಾವನ ಹತ್ತಿರ ಹಳೆಯದೊಂದು ಮಾರಿಸ್ ಮೈನರ್ ಇತ್ತು. ಅದರ ಎರಡೂ ಪಕ್ಕದ ಕಂಬದಲ್ಲಿ ಸೀಳು. ಸ್ವಿಚ್ಚು ತಿರುಗಿಸಿದರೆ ಸೀಳಿನಿಂದ ಗೇಣುದ್ದದ ಕಿತ್ತಳೆ ಬಣ್ಣದ ಕೈಯೊಂದು ಎದ್ದು ಅಡ್ಡಕ್ಕೆ ನಿಲ್ಲಬೇಕು, ಒಳಗೆ ಸಣ್ಣ ದೀಪ. ಟ್ರಾಫಿಕೇಟರ್ ಅಂತ ಅದರ ಹೆಸರು. ‘ನಿಲ್ಲಬೇಕು’ ಎಂದೆ; ನಿಲ್ಲುತ್ತಿತ್ತು ಅನ್ನಲಿಲ್ಲ. ಎಡಗೈ ಏಳುತ್ತಿತ್ತು, ಬಲಗೈಗೆ ಸೋಮಾರಿತನ. ಮಾವ ತಿರುವಿನಲ್ಲಿ ಸ್ವಿಚ್ಚು ಹಾಕಿ, “ಲೋ, ಗುದ್ದೋ!” ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನಾನು ಒಳಗಿನಿಂದ ಕಂಬಕ್ಕೆ ಮುಷ್ಟಿಯಿಂದ ಗುದ್ದುತ್ತಿದ್ದೆ. ಟಕ್ ಎಂದು ಕೈ ಮೇಲೇಳುತ್ತಿತ್ತು. ವಾಪಸು ಒಳಗೆ ಹೋಗಲು ಇನ್ನೊಂದು ಗುದ್ದು. ಎಂಟು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಅಧಿಕಾರ ಬೇರೆ ಇಲ್ಲ. ಕಂಬಕ್ಕೆ ಗುದ್ದುವ ನನ್ನ ಅಭ್ಯಾಸದ ಮೂಲ ಅಲ್ಲಿದೆ ಎಂದು ಈಗ ಹೆಂಡತಿಯ ಅನುಮಾನ.

ಹಿಂದೆ ನೋಡುವ ಕನ್ನಡಿಯೂ ಆರಂಭದಲ್ಲಿ ಇರಲಿಲ್ಲ. 1909ರಲ್ಲಿ ಡೊರೊಥಿ ಲೆವಿಟ್ ಎಂಬ ಇಂಗ್ಲಿಷ್ ಮೋಟಾರುಗಾರ್ತಿ ತನ್ನ ಪುಸ್ತಕದಲ್ಲಿ, ಹೆಂಗಸರು ಸಣ್ಣ ಕೈಗನ್ನಡಿ ಜೊತೆಗಿಟ್ಟುಕೊಂಡರೆ ಆಗಾಗ ಎತ್ತಿ ಹಿಂದೆ ಬರುವವರನ್ನು ನೋಡಬಹುದು ಎಂದು ಉಪದೇಶಿಸಿದಳು. ಗಂಡಸರು ಏನು ಮಾಡುತ್ತಿದ್ದರು? ರೇಸುಗಳಲ್ಲಿ ಪಕ್ಕಕ್ಕೊಬ್ಬ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಹಿಂದೆ ಯಾರು ಬಂದರು ಅಂತ ಕೂಗಿಸುತ್ತಿದ್ದರು, ಅಂದರೆ ಅವರದೇ ಒಬ್ಬ ಕಂಡಕ್ಟ್ರಣ್ಣ. 1911ರಲ್ಲಿ ಮೊದಲ ಸಲ ಇಂಡಿಯಾನಪೊಲಿಸ್‌ನಲ್ಲಿ 500 ಮೈಲಿಯ ಪಂದ್ಯ ನಡೆದಾಗ ರೇ ಹ್ಯಾರನ್ ಎಂಬಾತ ಒಂಟಿ ಸೀಟಿನ ಹಳದಿ ಕಾರಿನಲ್ಲಿ ಬಂದ. ಉಳಿದವರು ಇದು ಅಪಾಯ ಎಂದು ತಕರಾರು ತೆಗೆದರು. ಆತ ಮುಂದೆ ಕನ್ನಡಿಯೊಂದನ್ನು ಕಟ್ಟಿ, ಸರಾಸರಿ ಗಂಟೆಗೆ 74.6 ಮೈಲಿ ಓಡಿಸಿ ಗೆದ್ದೇಬಿಟ್ಟ. ಎಷ್ಟೋ ವರ್ಷದ ಮೇಲೆ ಬಾಯಿ ಬಿಟ್ಟ: ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಹೇಗೆ ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲವಂತೆ! ಏನೂ ಕಾಣದ ಕನ್ನಡಿ ನೋಡಿಕೊಂಡು ಅವನು ಪಂದ್ಯ ಗೆದ್ದ, ಬರೀ ಕುಂಕುಮ ಕಾಣುವ ಪರದೆ ನೋಡಿಕೊಂಡು ನಾನು ಕಂಬಕ್ಕೆ ಗುದ್ದಿದೆ. ಹಣೆಬರಹ ಅನ್ನುವುದು ಇದಕ್ಕೇ.

ಇವರೆಲ್ಲರ ನಡುವೆ ನನಗೆ ಕರುಳು ಚುರ್ರೆನ್ನಿಸಿದವರು ಫಾದರ್ ಆಲ್ಫ್ರೆಡ್ ಜೂಲಿಯಾನೊ. ಕನೆಕ್ಟಿಕಟ್ಟಿನ ಕ್ಯಾಥೊಲಿಕ್ ಪಾದ್ರಿ. ಜಗತ್ತಿನಲ್ಲೇ ಅತ್ಯಂತ ಸುರಕ್ಷಿತವಾದ ಕಾರು ಕಟ್ಟುತ್ತೇನೆಂದು ಹಳೆಯ ಬ್ಯೂಕ್ ಒಂದರ ಮೇಲೆ ವರ್ಷಗಟ್ಟಲೆ ಬೆವರು ಹರಿಸಿ, ‘ಅರೋರಾ’ ಎಂದು ಹೆಸರಿಟ್ಟರು. ಅಪಘಾತದಲ್ಲಿ ತಲೆ ಬಡಿಯದಿರಲೆಂದು ಮುಂದಿನ ಗಾಜು ಗುಳ್ಳೆಯ ಹಾಗೆ ಹೊರಕ್ಕೆ ಉಬ್ಬಿತ್ತು. ಗುದ್ದುವ ಸೂಚನೆ ಸಿಕ್ಕರೆ ಸೀಟುಗಳನ್ನು ಹಿಂದಕ್ಕೆ ತಿರುಗಿಸಿಕೊಳ್ಳಬಹುದು. ಮೂತಿಯಲ್ಲಿ ಪಾದಚಾರಿಗೆ ನೋವಾಗದಂತೆ ಫೋಮು ತುಂಬಿತ್ತು. ಸೀಟುಬೆಲ್ಟೂ ಇತ್ತು. ಎಲ್ಲ ಸರಿ, ಆದರೆ ರೂಪ! ಮಳೆಗಾಲದಲ್ಲಿ ವಟಗುಟ್ಟುವ ಕಪ್ಪೆ ನಡುವೆ ಬಾಯಿ ತೆರೆದು ನಿಂತುಬಿಟ್ಟರೆ ಹೇಗೋ ಹಾಗೆ. 1957ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಕರ್ತರಿಗೆ ತೋರಿಸುವುದಕ್ಕೆ ಹೊರಟರು. ಬಹಳ ದಿನ ಓಡಿಸದೆ ಇಟ್ಟ ಗಾಡಿ, ಪೆಟ್ರೋಲು ಹೋಗುವ ದಾರಿಯಲ್ಲಿ ಕಸ. ಹೋಗುವಷ್ಟರಲ್ಲಿ 15 ಸಲ ಕೆಟ್ಟು ನಿಂತಿತು. ಗ್ಯಾರೇಜಿನಿಂದ ಗ್ಯಾರೇಜಿಗೆ ಎಳೆಸಿಕೊಂಡು, ಗಂಟೆಗಟ್ಟಲೆ ತಡವಾಗಿ ತಲುಪಿತು. ಯಾರೂ ಕೊಳ್ಳಲಿಲ್ಲ. ನಿಂತ ಕಾರು ಯಾರಿಗೂ ಗುದ್ದುವುದಿಲ್ಲ ಎಂಬ ಅರ್ಥದಲ್ಲಿ ಪಾದ್ರಿಗಳ ಮಾತು ಸುಳ್ಳಾಗಲಿಲ್ಲ ಅನ್ನಬಹುದು, ಆದರೆ ಹಾಗೆ ನಗುವುದಕ್ಕೆ ಮನಸ್ಸು ಬರುವುದಿಲ್ಲ. ಎರಡೇ ವರ್ಷದ ಮೇಲೆ, 1959ರಲ್ಲಿ, ಸ್ವೀಡನ್ನಿನ ನಿಲ್ಸ್ ಬೊಲಿನ್ ಮಾಡಿದ ಮೂರು ಬಿಂದುವಿನ ಬೆಲ್ಟು ವೋಲ್ವೊ ಕಾರುಗಳಿಗೆ ಬಂತು. ಹೆಗಲಿನಿಂದ ಸೊಂಟಕ್ಕೆ ಒಂದೇ ಪಟ್ಟಿ, ಜನಿವಾರದಷ್ಟು ಸರಳ.

ನಮ್ಮ ದೇಶದ ಸುರಕ್ಷತಾ ಸಾಧನವನ್ನು ಮರೆಯಬಾರದಲ್ಲ: ನಿಂಬೆಹಣ್ಣು. ಚಕ್ರಕ್ಕೊಂದರಂತೆ ಇಟ್ಟು, ಹಾಯಿಸಿ, ಪಚಕ್ ಅನ್ನಿಸಿದರೆ ವರ್ಷದ ಮಟ್ಟಿಗೆ ನಿಶ್ಚಿಂತೆ. ಈ ಸಲ ಮಾರುಕಟ್ಟೆಯಿಂದ ಐದು ತಂದಿದ್ದೆ. ಗುದ್ದಿದ ಮೇಲೆ ಲೆಕ್ಕ ಹಾಕಿದೆ. ನಾಲ್ಕು ಚಕ್ರದ ಕೆಳಗೆ ಹೋಗಿತ್ತು. ಐದನೆಯದು ಚಿತ್ರಾನ್ನಕ್ಕೆ ಹೋಗಿರಬೇಕೆಂದು ಸುಮ್ಮನಾದೆ. ಪೂಜೆ ಫಲಿಸಲಿಲ್ಲವಲ್ಲ ಎಂದು ಹೆಂಡತಿಯನ್ನು ಚುಚ್ಚಿದ್ದಕ್ಕೆ, “ಪೂಜೆ ಮಾಡಿದ್ದಕ್ಕೇ ಕಂಬಕ್ಕೆ ನಿಲ್ತು, ಇಲ್ದಿದ್ರೆ ಅವರ ಹಾಲ್‌ಗೇ ಹೋಗ್ತಿದ್ರಿ” ಅಂದಳು.

ಮೂರು ದಿನ ರಜೆ ಮುಗಿದು ಗ್ಯಾರೇಜು ತೆರೆಯಿತು. ಕಂಡಕ್ಟ್ರಣ್ಣ ಹಿಂದಿನ ಸೀಟಿನಲ್ಲಿ ಕೂತು ಜೊತೆಗೆ ಬಂದರು, ನಾನು ಕರೆದಿರಲಿಲ್ಲ. ಹುಡುಗನೊಬ್ಬ ಕಬ್ಬಿಣದ ಸಲಾಕೆ ತೂರಿಸಿ ಮೀಟಿದ. ಡಿಕ್ಕಿ ಕಿರುಗುಟ್ಟಿ ಬಾಯಿ ಬಿಟ್ಟಿತು. ಮೊದಲು ಬಂದದ್ದು ಒಬ್ಬಟ್ಟಿನ ಹುಳಿ ವಾಸನೆ. ಡಬ್ಬಿ ತೆಗೆದು, ಮ್ಯಾಟು ಎತ್ತಿ, ತಗಡು ಎಲ್ಲಿವರೆಗೆ ಬಾಗಿದೆ ನೋಡಲು ಹುಡುಗ ಬಗ್ಗಿದ.

“ಸಾರ್, ಇದೇನ್ ಇಲ್ಲಿ?”

ಸ್ಟೆಪ್ನಿಯ ನಟ್ಟನಡುವೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಒಂದು ಹೂವಿನ ಜೊತೆಗೆ, ಐದನೆಯ ನಿಂಬೆಹಣ್ಣು ಕೂತಿತ್ತು. ಸ್ವಲ್ಪ ಬಾಡಿತ್ತು ಅಷ್ಟೆ. ಒಂದು ಗೀರೂ ಇರಲಿಲ್ಲ.

“ಬಿಸಾಕ್‌ಬಿಡ್ಲಾ ಸಾರ್?”

ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟ್ರಣ್ಣ ಕೈ ಅಡ್ಡ ಹಿಡಿದರು. “ಇರ್ಲಿ ಇರ್ಲಿ. ಅದ್ನ ಮುಟ್‌ಬೇಡ, ಸುತ್ತ ಕೆಲ್ಸ ಮಾಡು.”